ಏಳು ಹೆಸರು, ಒಂದು ಸೀರೆ

ನಾನು ಹುಟ್ಟಿದಾಗಿನಿಂದ ಒಂದು ಸಲವೂ ಹುತುತು, ಅಂದರೆ ಕಬಡ್ಡಿ, ಆಡಿದವನಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿಕ್ಕಂದಿನಲ್ಲಿ ಜಮಖಂಡಿಯಲ್ಲಿ ಓರಗೆಯವರು ಆಡುವಾಗ ಅವರು ಕಳಚಿಟ್ಟ ಅಂಗಿಗಳನ್ನು ಕಾಯುವ ಕೆಲಸ ನನ್ನದಾಗಿತ್ತು. ಒಮ್ಮೆ ಒಂದು ಆಡು ಬಂದು ಅಂಗಿಯೊಂದರ ತೋಳನ್ನು ತಿಂದುಹೋದ ಮೇಲೆ ಆ ಕೆಲಸದಿಂದಲೂ ನನ್ನನ್ನು ತೆಗೆದರು. ಆದರೂ ಹುತುತು ಬಗ್ಗೆ ನನಗಿರುವಷ್ಟು ಖಚಿತವಾದ ಅಭಿಪ್ರಾಯಗಳು ಆಡುವವರಿಗೂ ಇರಲಾರವು. ಆಡುವವನಿಗೆ ದಮ್ಮು ಹಿಡಿಯುವ ಚಿಂತೆ, ಮೊಣಕಾಲಿನ ಚಿಂತೆ, ಎದುರಿಗೆ ಕೈಚಾಚಿ ನಿಂತವರ ಚಿಂತೆ. ಗೆರೆಯ ಹೊರಗೆ ನಿಂತವನಿಗೆ ಇಂಥ ಅಡಚಣೆಗಳಿಲ್ಲ. ಹಾಗಾಗಿ ಅವನಿಗೆ ಆಟ ಸಂಪೂರ್ಣವಾಗಿ ತಿಳಿಯುತ್ತದೆ.

ನಾನಾಗ ಬನಹಟ್ಟಿಯಲ್ಲಿ ಶಾಲಾ ಮಾಸ್ತರನಾಗಿದ್ದೆ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಕೆಲವೇ ವರ್ಷಗಳಾಗಿದ್ದವು. ಜನ ಆಗಷ್ಟೇ ಮೊದಲ ಸಲ ಮತ ಹಾಕಿ ಬಂದಿದ್ದರು. ಆ ರುಚಿ ಹತ್ತಿದ ಮೇಲೆ ಊರ ತಂಡದ ಏಳು ಜನರನ್ನು ತಮ್ಮನ್ನು ಕೇಳದೆ ಬೇರೆ ಯಾರೋ ಆರಿಸುವುದೆಂದರೆ ಅವರಿಗೆ ತಡೆಯಲಾಗುತ್ತಿರಲಿಲ್ಲ. ಚುನಾವಣೆ ಐದು ವರ್ಷಕ್ಕೊಮ್ಮೆ ಬರುವಂಥದ್ದು, ಹುತುತು ಪಂದ್ಯ ಅಮಾವಾಸ್ಯೆಗೊಮ್ಮೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಯಾರೂ ಮಗ್ಗಕ್ಕೆ ಕೂಡುವುದಿಲ್ಲ. ಊರೆಲ್ಲ ನಿಶ್ಶಬ್ದವಾಗಿರುತ್ತದೆ, ಊಟ ಮಾತ್ರ ಭರ್ಜರಿಯಾಗಿರುತ್ತದೆ, ಉಂಡ ಮೇಲೆ ಜನಕ್ಕೆ ಏನಾದರೂ ಬೇಕಲ್ಲ.

ಈ ಚರ್ಚೆಗೆ ಒಂದು ಸಭಾಸ್ಥಾನವೂ ಇತ್ತು. ನೇಕಾರರ ಓಣಿಯಲ್ಲಿ ಬೆಳಗಿನ ತಂಪಿನಲ್ಲಿ ಹಾಸಿನ ನೂಲನ್ನು, ಅಂದರೆ ಸೀರೆಯ ಉದ್ದೆಳೆಗಳನ್ನು, ಓಣಿಯುದ್ದಕ್ಕೂ ಎದೆಮಟ್ಟಕ್ಕೆ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಎರಡೂ ಬದಿಗೆ ಜನ ನಿಂತು ಕುಂಚದಿಂದ ತೀಡುತ್ತಾರೆ. ಒಬ್ಬನ ಹಾಸಿನ ಕೆಲಸಕ್ಕೆಂದು ಓಣಿಯವರೆಲ್ಲ ಬಂದು ಕೈಹಚ್ಚುವುದು ಪದ್ಧತಿ. ನೂಲು ಒಣಗುವವರೆಗೆ ತೀಡುತ್ತಲೇ ಇರಬೇಕು. ನಿಲ್ಲಿಸಿದರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಹಪ್ಪಳವಾಗುತ್ತದೆ. ಹಾಗಾಗಿ ವಾದ ಎಷ್ಟೇ ಕಾವೇರಿದರೂ ಯಾರೂ ಬಿಟ್ಟುಹೋಗುವಂತಿಲ್ಲ, ಕೈ ಎತ್ತುವಂತಿಲ್ಲ. ಇಂಥ ಶಿಸ್ತಿನ ಸಭೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅದು ನನ್ನ ಶಾಲೆಯ ದಾರಿ. ನಾನು ದಿನಾಲೂ ಕೊಡೆ ಹಿಡಿದು ಹಾಸಿನ ತುದಿಯಲ್ಲಿ ನಿಂತು ಕೇಳುತ್ತಿದ್ದೆ. ಶಾಲೆಗೆ ತಡವಾದರೆ ಹಾಸು ಅಡ್ಡವಿತ್ತೆಂದು ಹೇಳಬಹುದಾಗಿತ್ತು, ಅದು ಸುಳ್ಳೂ ಅಲ್ಲ.

ಆ ವರ್ಷ ಓಣಿ ಇಬ್ಭಾಗವಾದದ್ದು ರಾಚಪ್ಪನ ಕಾರಣಕ್ಕೆ. ರಾಚಪ್ಪ ಒಂದೇ ಮಗ್ಗದ ನೇಕಾರ, ನಲವತ್ತರ ಆಸುಪಾಸು. ಇಪ್ಪತ್ತು ವರ್ಷ ಊರ ಪರವಾಗಿ ಹುತುತು ಹೇಳುತ್ತ ಎದುರಿನ ಅಂಕಣಕ್ಕೆ ಹೋಗಿ ಬಂದವನು. ತಂಡಕ್ಕೆ ಹಾಲು ತುಪ್ಪ ನೋಡಿಕೊಳ್ಳುತ್ತಿದ್ದ ಸಾಹುಕಾರ ಗುರುಸಿದ್ದಪ್ಪನವರು ಬೀಳಗಿಯಿಂದ ಯಮನಪ್ಪನೆಂಬ ಎತ್ತರದ ಆಳನ್ನು ಕರೆತಂದು, ತಮ್ಮ ಮನೆಯಲ್ಲಿ ಒಂದು ಮಗ್ಗ, ದಿನಾ ಬೆಳಿಗ್ಗೆ ಒಂದು ಸೇರು ಹಾಲು ಗೊತ್ತುಮಾಡಿ ಇಟ್ಟುಕೊಂಡರು. ಯಮನಪ್ಪನಿಗೆ ಲಾಳಿಯ ಯಾವ ತುದಿ ಮುಂದೆ ಎಂಬುದೂ ತಿಳಿಯದು. ಅವನು ಮಗ್ಗಕ್ಕೆ ಕೂತರೆ ಅಕ್ಕಪಕ್ಕದವರು ಎದ್ದು ನಿಲ್ಲುತ್ತಿದ್ದರು. ಆದರೆ ಆಟದಲ್ಲಿ ಗಟ್ಟಿಗ. ಅವನು ಒಳಗೆ ಬರಬೇಕಾದರೆ ಒಬ್ಬ ಹೊರಗೆ ಹೋಗಬೇಕು. ಹಾಸಿನ ಎಡಕ್ಕೆ ರಾಚಪ್ಪನ ಪಕ್ಷ ನಿಂತಿತು, ಬಲಕ್ಕೆ ಯಮನಪ್ಪನ ಪಕ್ಷ.

"ನಮ್ಮೂರ ಹೆಸರಿಗೆ ಬೀಳಗ್ಯಾಂವ ಆಡೋದಂದ್ರ ಏನ್ರಿ? ನಾಳೆ ನಮ್ಮ ಮನ್ಯಾಗಿನ ಪೂಜಾಕ್ಕೂ ಹೊರಗಿನಾವ್ರನ್ನ ಕರಸ್ತೀರೇನು?" ಎಂದು ಎಡಗಡೆಯ ದುಂಡಪ್ಪ ಕೇಳುವನು. ಇವನು ಓಣಿಯ ಅತಿ ದೊಡ್ಡ ದನಿಯವನು.

"ಪೂಜಾ ಯಾರು ಮಾಡಿದ್ರೂ ದೇವರು ಒಪ್ಪತಾನ. ಮುಧೋಳದಾವ್ರು ಒಪ್ಪಂಗಿಲ್ಲಪಾ," ಎಂದು ಬಲಗಡೆಯಿಂದ ಉತ್ತರ ಬರುವುದು. ಕುಂಚಗಳು ಮಾತ್ರ ಒಂದೇ ಲಯದಲ್ಲಿ ಓಡುತ್ತಿದ್ದವು.

ಮುಂದಿನ ಅಮಾವಾಸ್ಯೆಗೆ ಪಂದ್ಯವಿದ್ದದ್ದು ಮುಧೋಳದ ಮೇಲೆಯೇ. ಇಲ್ಲಿಗೆ ನನ್ನ ಮನೆಯ ಸಂಗತಿ ಬಂದು ಸೇರುತ್ತದೆ. ನನ್ನ ಹೆಂಡತಿ ಶಾಂತವ್ವನ ತವರು ಮುಧೋಳ. ಪಂದ್ಯವಾದ ಎಂಟನೆಯ ದಿನಕ್ಕೆ ಅಲ್ಲಿ ಅವಳ ತಮ್ಮನ ಮದುವೆ. ಹಿಂದಿನ ವರ್ಷ ಅವಳು ತವರಿಗೆ ಹೋದಾಗ ಅವಳ ಅತ್ತಿಗೆ ಹತ್ತು ಜನರ ಎದುರಿಗೆ ನಕ್ಕು, "ನಮ್ಮ ಶಾಂತವ್ವನ್ನ ಸೀರಿ ನೇಯೋ ಊರಿಗೇ ಕೊಟ್ಟೀವಿ. ಹತ್ತು ಸಲ ಬಂದ್ರೂ ಅದಽ ಸೀರಿ," ಎಂದಿದ್ದಳಂತೆ. ಶಾಂತವ್ವ ಅದನ್ನು ಒಂದು ವರ್ಷ ಗಂಟುಕಟ್ಟಿ ಇಟ್ಟುಕೊಂಡಿದ್ದಳು. ಈಗ ಗಿಣಿಹಸಿರು ಮೈ, ದಾಳಿಂಬೆ ಬಣ್ಣದ ದಡಿ ಎಂದು ತಾನೇ ನಿಂತು ಹೇಳಿ ಒಂದು ಸೀರೆ ನೇಯಲು ಕೊಟ್ಟಿದ್ದಳು. ಕೊಟ್ಟದ್ದು ಬೇರೆ ಯಾರಿಗೂ ಅಲ್ಲ, ರಾಚಪ್ಪನಿಗೆ.

ನಾನು ಸಂಜೆ ಹೋಗಿ ನೋಡಿದರೆ ಮಗ್ಗ ಖಾಲಿ. ರಾಚಪ್ಪ ಮೈದಾನದಲ್ಲಿ. ಆಡಿ ಬಂದ ಮೇಲೆ ಬಿಸಿನೀರು, ಎಣ್ಣೆ, ಮೊಣಕಾಲು ತಿಕ್ಕಿಸಿಕೊಳ್ಳುವುದು, ಆಮೇಲೆ ನಿದ್ದೆ. ಸೀರೆ ಒಂದು ಮೊಳ ಆಗಿ ನಿಂತಿತ್ತು. ನಾನು ಮನೆಯಲ್ಲಿ ಕೂತು ವಿಚಾರ ಮಾಡಿದೆ. ಈ ಮನುಷ್ಯನಿಗೆ ಸಂಜೆಯ ಹೊತ್ತು ಬಿಡುವು ಸಿಕ್ಕರೆ ಸೀರೆ ಮದುವೆಗೆ ಬರುತ್ತದೆ. ತಂಡದಲ್ಲಿ ಇಲ್ಲದಿದ್ದರೆ ಬಿಡುವು ಸಿಗುತ್ತದೆ. ಹೀಗೆ ವಿಚಾರ ಮಾಡುತ್ತಿದ್ದಂತೆ ರಾಚಪ್ಪನ ಆಟದಲ್ಲಿ ನನಗೆ ಹಿಂದೆ ಕಾಣದಿದ್ದ ದೋಷಗಳು ಒಂದೊಂದಾಗಿ ಕಾಣತೊಡಗಿದವು.

ಮುಧೋಳದವರು ಪಂದ್ಯಕ್ಕೆ ಮೊದಲೇ ಏಳು ಹೆಸರಿನ ಪಟ್ಟಿಯನ್ನು ಬರೆದು ಕಳಿಸಿರೆಂದು ಹೇಳಿದ್ದರು. ನನ್ನ ಅಕ್ಷರ ದುಂಡಗಿದೆಯೆಂದು ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಮರುದಿನ ಬೆಳಿಗ್ಗೆ ಸಾಹುಕಾರರು ಹಾಸಿನ ಹತ್ತಿರ ಬಂದು ಎಲ್ಲರ ಎದುರಿಗೆ, "ಮಾಸ್ತರ್ರ, ನೀವು ಜಮಖಂಡ್ಯಾವ್ರು. ಈ ಊರಾಗ ನಿಮಗ ಬೀಗರೂ ಇಲ್ಲ, ಹಗೀನೂ ಇಲ್ಲ. ನಿಮ್ಮ ಮಾತಿಗೆ ನಾವೆಲ್ಲಾ ಒಪ್ಪತೀವಿ. ಯಾರ ಹೆಸರು ಬರೀತೀರಿ?" ಎಂದರು. ನಿಷ್ಪಕ್ಷಪಾತಿ ಎಂದು ನನ್ನನ್ನು ಕರೆದದ್ದು ಅದೇ ಮೊದಲು. ನಾನು ಗಂಟಲು ಸರಿಮಾಡಿಕೊಂಡು, ಕಳೆದ ಪಂದ್ಯದಲ್ಲಿ ರಾಚಪ್ಪನ ದಮ್ಮು ನಡುವೆಯೇ ನಿಂತದ್ದು, ಹಿಂದೆ ಸರಿಯುವಾಗ ಮೊಣಕಾಲು ಬಗ್ಗದಿರುವುದು, ವಯಸ್ಸೆಂಬುದು ಯಾರನ್ನೂ ಬಿಡದಿರುವುದು ಮೊದಲಾದವನ್ನು ಕಾಲು ಗಂಟೆ ವಿವರಿಸಿದೆ. ನನಗೇ ನನ್ನ ಮಾತು ಬಹಳ ಹಿಡಿಸಿತು.

ಮುಗಿಸಿದ ಮೇಲೆ ನೋಡುತ್ತೇನೆ, ಹಾಸಿನ ಆಚೆಯ ತುದಿಯಲ್ಲಿ ಕುಂಚ ಹಿಡಿದು ನಿಂತವನು ಸ್ವತಃ ರಾಚಪ್ಪ. ಅವನ ಕೈ ನಿಂತಿರಲಿಲ್ಲ. ತಲೆ ಎತ್ತದೆ, "ಮಾಸ್ತರ್ರು ಓದಿದಾವ್ರು. ಅವರು ವಯಸ್ಸಾತು ಅಂದ್ರ ಆಗಿರಬೇಕು," ಎಂದ. ನಾನು ಗಿಣಿಹಸಿರು ಸೀರೆಯನ್ನು ನೆನೆಸಿಕೊಂಡು ರಾಚಪ್ಪನ ಹೆಸರಿಲ್ಲದ ಪಟ್ಟಿ ಬರೆದು ಕೊಟ್ಟೆ.

ನಾಲ್ಕು ದಿನ ಬಿಟ್ಟು ರಾಚಪ್ಪನ ಮನೆಗೆ ಹೋದೆ. ಮಗ್ಗದ ಸಪ್ಪಳವಿಲ್ಲ. ಸೀರೆ ಅದೇ ಒಂದು ಮೊಳ. ಅವನ ಹೆಂಡತಿ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದವಳು, "ಮೊದಲ ಸಂಜೀಕಷ್ಟಽ ಹೋಗತಿದ್ರುರಿ. ಈಗ ಮುಂಜಾನೆ ಎದ್ದು ಹ್ವಾದ್ರ ಊಟಕ್ಕೂ ಹುಡಿಕ್ಕೊಂಡು ಹೋಗಬೇಕು. ಯಾರೋ ಪಟ್ಟಿಯಿಂದ ಹೆಸರು ತಗದಾರಂತ, ಅವರ ಮನಿ ಹಾಳಾಗ್ಲಿ," ಎಂದಳು. ನಾನು ಹೌದೆಂದೆ.

ಆಗ ನನ್ನ ತಪ್ಪು ತಿಳಿಯಿತು. ಆಟಗಾರನಿಗೆ ಬೇಕಾದದ್ದು ದಿನಕ್ಕೆ ಒಂದು ತಾಸು. ಆಟ ನೋಡಿ ಮಾತಾಡುವವನಿಗೆ ಇಡೀ ದಿನ ಸಾಲದು. ನಾನು ರಾಚಪ್ಪನನ್ನು ಆಟದಿಂದ ಬಿಡಿಸಿ ನಮ್ಮ ಜಾತಿಗೆ ಸೇರಿಸಿಬಿಟ್ಟಿದ್ದೆ. ಅವನು ಈಗ ಮೂರು ಓಣಿಗಳ ಹಾಸಿಗೂ ಕೈಹಚ್ಚುತ್ತಿದ್ದ. ಯಮನಪ್ಪನ ಎಡಗಾಲು ಎಲ್ಲಿ ತಪ್ಪುತ್ತದೆ ಎಂದು ಗಂಜಿಯ ಗಡಿಗೆಯನ್ನು ಸುತ್ತಿ ಸುತ್ತಿ ಕುಣಿದು ತೋರಿಸುತ್ತಿದ್ದ.

ಮನೆಯಲ್ಲಿ ಶಾಂತವ್ವ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಸೆರಗಿಗೆ ಬಂತೇನ್ರಿ?" ನಾನು ದಿನಾ ಒಂದೇ ಉತ್ತರ ಕೊಡುತ್ತಿದ್ದೆ: "ಬರಾಕತ್ತೈತಿ." ಕೊನೆಗೆ ಒಂದು ಬೆಳಿಗ್ಗೆ ಧೈರ್ಯ ಮಾಡಿ ಹಾಸಿನ ಬಲಗಡೆ ನಿಂತು, ರಾಚಪ್ಪನಂಥ ಅನುಭವಿಯನ್ನು ಹೊರಗಿಡುವುದು ಊರಿಗೆ ಶೋಭೆಯಲ್ಲ ಎಂದು ಶುರುಮಾಡಿದೆ. ಯಮನಪ್ಪನ ಪಕ್ಷದವರು ಕಣ್ಣು ಕಣ್ಣು ಬಿಟ್ಟರು. ಒಬ್ಬ, "ಹಂಗಂದ್ರ ಆ ಕಡಿ ಹೋಗಿ ಮಾತಾಡ್ರಿ," ಎಂದ. ನ್ಯಾಯವಾದ ಮಾತೇ. ಸುತ್ತು ಬಳಸಿ ಹೋಗಲು ಓಣಿ ಬಹಳ ಉದ್ದ. ನಾನು ತಲೆ ತಗ್ಗಿಸಿ ಹಾಸಿನ ಕೆಳಗೆ ನುಸುಳಿದೆ. ತಲೆ ದಾಟಿತು, ಬೆನ್ನೂ ದಾಟಿತು. ಬಗಲಲ್ಲಿದ್ದ ಕೊಡೆಯ ಕಡ್ಡಿ ದಾಟಲಿಲ್ಲ. ಹಸಿ ನೂಲಿನ ಐವತ್ತು ಎಳೆಗಳು ಅದಕ್ಕೆ ಸಿಕ್ಕಿಕೊಂಡು ಪಟಪಟನೆ ಹರಿದವು.

"ಮಾಸ್ತರ್ರ, ಅಲ್ಲಾಡಬ್ಯಾಡ್ರಿ!" ಎಂದು ಎರಡೂ ಪಕ್ಷದವರು ಒಂದೇ ದನಿಯಲ್ಲಿ ಕೂಗಿದರು. ಆ ವರ್ಷ ಅವರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ. ನಾನು ಹಾಸಿನ ಕೆಳಗೆ ಬಗ್ಗಿ ನಿಂತುಕೊಂಡೇ, ಕೆನ್ನೆಗೆ ಗಂಜಿ ಬಳಿದುಕೊಂಡು, ಉಳಿದ ಭಾಷಣ ಮುಗಿಸಿದೆ. ಎಳೆಗಳನ್ನು ಬಿಡಿಸುವವರೆಗೆ ಬೇರೆ ಕೆಲಸವೂ ಇರಲಿಲ್ಲ. ಸಾಹುಕಾರರು ಬಂದು ನೋಡಿ, ನಗುತ್ತ, "ಆತು ಬಿಡ್ರಿ, ಮುಧೋಳದಾವ್ರಿಗೆ ತಿದ್ದಿ ಹೇಳಿ ಕಳಸೋಣು. ರಾಚಪ್ಪಾ, ಆಡತೀಯೇನಪಾ?" ಎಂದು ಕೇಳಿದರು.

"ಬ್ಯಾಡ್ರಿ," ಎಂದ ರಾಚಪ್ಪ. "ಇಪ್ಪತ್ತು ವರ್ಷ ಆಡೀನಿ, ಒಬ್ಬರಽ ನನ್ನ ಮಾತು ಕೇಳಿಲ್ಲ. ಈಗ ಮೂರು ಓಣಿ ಕೇಳಾಕತ್ತಾವು. ಮತ್ತ ವಯಸ್ಸಾದಾಂವನ್ನ ಯಾಕ ಕರೀತೀರಿ?" ಕೊನೆಯ ಮಾತು ಹೇಳುವಾಗ ಅವನು ನನ್ನ ಕಡೆ ನೋಡಲಿಲ್ಲ.

ಅಮಾವಾಸ್ಯೆ ಬಂತು. ಪಂದ್ಯ ಕೊನೆಯವರೆಗೂ ಸಮಸಮ ನಡೆಯಿತು. ಕೊನೆಗೆ ಯಮನಪ್ಪ ಹುತುತು ಹೇಳುತ್ತ ಎದುರಿನ ಅಂಕಣದೊಳಗೆ ನುಗ್ಗಿದ. ಗೆರೆಯ ಹೊರಗೆ ನಿಂತಿದ್ದ ರಾಚಪ್ಪ ತಡೆಯಲಾರದೆ, "ಎಡಗಾಲು! ಯಮನ್ಯಾ, ಎಡಗಾಲು!" ಎಂದು ಕಿರುಚಿದ. ಯಮನಪ್ಪ ಸಭ್ಯ ಮನುಷ್ಯ. ಹಿರಿಯರು ಕರೆದರೆ ಓಗೊಡುವುದು ಅವನ ರೂಢಿ. ತಿರುಗಿ, "ಏನ್ರಿ?" ಎಂದ. ಅಷ್ಟೇ. ದಮ್ಮು ಕಡಿದು ಹುತುತು ನಿಂತಿತು, ಸೀಟಿ ಊದಿದರು, ಬನಹಟ್ಟಿ ಸೋತಿತು.

ಎಂಟು ದಿನದ ಮೇಲೆ ಶಾಂತವ್ವ ಹಳೆಯ ಸೀರೆಯನ್ನೇ ಒಗೆದು ಮಡಚಿ ಉಟ್ಟುಕೊಂಡು ತಮ್ಮನ ಮದುವೆಗೆ ಬಂದಳು. ಅವಳ ಅತ್ತಿಗೆ ಈ ಸಲ ಸೀರೆಯ ದಡಿಯನ್ನು ಒಮ್ಮೆ ನೋಡಿ, ಒಳಗೆ ಹೋಗಿ ಕರಿಗಡುಬು ತಂದು ಬಡಿಸಿದಳು. ಶಾಂತವ್ವ ತಿನ್ನಲಿಲ್ಲ. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಮರಳಿ ಬರುವಾಗ ಮೋಟಾರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಸಲುವಾಗಿಯೇ ಮಾಡಿದೆ ಎಂಬುದನ್ನು ಎರಡು ಸಲ ಹೇಳಿದೆ.

ಅವಳು ಹೊರಗೆ ನೋಡುತ್ತಲೇ ಅಂದಳು: "ನನ್ನ ಸೀರಿ ಹೋಗ್ಲಿ. ಆ ಮನುಷ್ಯಾಗ ವಯಸ್ಸಾತು ಅಂತ ಅವನ ಓಣ್ಯಾಗ, ಅವನ ಮುಂದಽ ಅಂದ್ರಲ್ಲಾ. ನಿಮಗ ಸಾಲ್ಯಾಗ ಯಾರರೆ ಹಂಗಂದಿದ್ರ?" ಮರುದಿನ ಅವಳೇ ರಾಚಪ್ಪನ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಳು.

ಐದನೆಯ ದಿನಕ್ಕೆ ರಾಚಪ್ಪ ಸೀರೆ ತಂದ. ಗಿಣಿಹಸಿರು ಮೈ, ದಾಳಿಂಬೆ ದಡಿ, ಸೆರಗು ಕಣ್ಣು ಕೋರೈಸುವಂತಿತ್ತು. ನಾನು ಏನು ಬೈಗುಳ ಕಾದಿದೆಯೋ ಎಂದು ಕಂಬದ ಮರೆಗೆ ನಿಂತಿದ್ದೆ. ಅವನ ಮುಖದಲ್ಲಿ ಮಾತ್ರ ತಿಂಗಳಿಂದ ಕಾಣದ ಗೆಲುವು.

"ಮಾಸ್ತರ್ರ, ಅಕ್ಕಾರು ಎಲ್ಲಾ ಹೇಳಿದ್ರು. ಸೀರಿ ಸಲುವಾಗಿ ತಗಸಿದ್ರಂತ?"

"ಹೌದಪ್ಪ," ಎಂದೆ.

"ವಯಸ್ಸಾತು ಅಂತ ಅಲ್ಲ?"

"ಅಲ್ಲ."

"ದೇವರ ಆಣೀಗೂ?"

"ದೇವರ ಆಣೆಗೂ."

ರಾಚಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. "ಮೊದಲಽ ಹೇಳಬಾರ್ದೇನ್ರಿ? ನಾ ಒಂದು ತಿಂಗಳಾತು ನೆಟ್ಟಗ ಉಂಡಿಲ್ಲ. ಕನ್ನಡ್ಯಾಗ ಮಾರಿ ನೋಡ್ಕೊಂಡಿಲ್ಲ. ಸೀರಿ ಸಲುವಾಗಿ ಅಂದ್ರ ಆತು ಬಿಡ್ರಿ! ಹಂಗಿದ್ರ ನಾ ಇನ್ನೂ ಆಡಾಂವನಽ," ಎಂದು ಚಹಾ ಕುಡಿದು, ಕಣ್ಣೊರೆಸಿಕೊಂಡು ಹೋದ. ಹೋಗುವಾಗ ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲಿಳಿದ. ನಾನು ನೋಡದವನಂತೆ ಇದ್ದೆ. ಆ ವರ್ಷ ನಾನು ಹುತುತು ಬಗ್ಗೆ ತೋರಿದ ಸೂಕ್ಷ್ಮತೆ ಅದೊಂದೇ.

ಆದರೆ ಅವನು ಆ ಸಂತೋಷವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಸಂಜೆಯೊಳಗೆ ಮೂರೂ ಓಣಿಗಳಿಗೆ ಸುದ್ದಿ ಮುಟ್ಟಿತು: ಮಾಸ್ತರರು ಹೆಂಡತಿಯ ಸೀರೆಗಾಗಿ ರಾಚಪ್ಪನನ್ನು ತೆಗೆಸಿದರು, ಬನಹಟ್ಟಿ ಮುಧೋಳಕ್ಕೆ ಸೋತದ್ದು ಆ ಸೀರೆಯಿಂದ, ಅದೂ ಮುಧೋಳದ ಹೆಂಡತಿ. ಇದನ್ನು ಹೀಗೆ ಸಾಲಾಗಿ ಕೇಳಿದರೆ ನನಗೇ ನನ್ನ ಮೇಲೆ ಸಂಶಯ ಬರುತ್ತಿತ್ತು. ಶಾಂತವ್ವ ಆ ಸೀರೆ ಉಟ್ಟು ಹೊರಟರೆ ಜನ ನಿಂತು ನೋಡುತ್ತಿದ್ದರು. ಅವಳಿಗೆ ಅದರಿಂದ ಬೇಸರವೇನೂ ಆದಂತಿರಲಿಲ್ಲ. ನನಗೆ ಮಾತ್ರ ಆ ಓಣಿ ಮುಚ್ಚಿಹೋಯಿತು. ನಾನು ಬಂದರೆ ಹಾಸನ್ನು ಒಂದು ಗೇಣು ಮೇಲೆತ್ತಿ ದಾರಿ ಕೊಡುವವರು ಯಾರೂ ಇರಲಿಲ್ಲ. ದುಂಡಪ್ಪನಂತೂ ನನ್ನ ಕೊಡೆ ಕಂಡರೆ ಕೈಯೆರಡನ್ನೂ ಚಾಚಿ ಹಾಸಿನ ಮುಂದೆ ಅಡ್ಡ ನಿಲ್ಲುತ್ತಿದ್ದ.

ಹಾಗಾಗಿ ಬಾವಿಯ ಹಿಂದಿನ ದೂರದ ಓಣಿಯಿಂದ ಶಾಲೆಗೆ ಹೋಗತೊಡಗಿದೆ. ಇನ್ನು ಹುತುತು ಬಗ್ಗೆ ತುಟಿ ಬಿಚ್ಚುವುದಿಲ್ಲವೆಂದು ಶಾಂತವ್ವನಿಗೆ ಮಾತು ಕೊಟ್ಟಿದ್ದೆ. ಮೂರು ದಿನ ಸುಖವಾಗಿ ಕಳೆದವು. ನಾಲ್ಕನೆಯ ದಿನ ಆ ಓಣಿಯಲ್ಲೂ ಒಂದು ಹಾಸು ಕಟ್ಟಿದ್ದರು. ನನ್ನ ಪರಿಚಯವಿಲ್ಲದ ಮುದುಕನೊಬ್ಬ ಕುಂಚ ತೀಡುತ್ತ, "ಯಾರ್ರಿ, ಸಾಲಿ ಮಾಸ್ತರ್ರೇನು? ಮುಂದಿನ ಅಮಾಸಿಗೆ ರಬಕವಿ ಮ್ಯಾಲ ಐತಿ. ಆ ಮೂಲ್ಯಾಗ ಹಿಡಿಯಾಕ ಯಾರನ್ನ ಹಾಕಬೇಕಂತೀರಿ?" ಎಂದು ಕೇಳಿದ.

ಶಾಲೆಯ ಗಂಟೆ ಹೊಡೆಯುತ್ತಿತ್ತು. ನಾನು ಕೊಡೆಯನ್ನು ಹಾಸಿನಿಂದ ದೂರ, ಗೋಡೆಗೆ ಆನಿಸಿಟ್ಟೆ.