ಮಂಡಕ್ಕಿ ಮಷಿನ್ನಿಗೆ ಮೂರು ಕೊಟೇಷನ್ನು

ಮೂವತ್ತು ವರ್ಷ ಕಡತಗಳ ಜೊತೆ ಬಾಳ್ವೆ ಮಾಡಿದವನು ಹಾಸ್ಯವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ದ್ವಿಪ್ರತಿಯಲ್ಲಿ ಟೇಬಲ್ಲಿಗೆ ಬರುತ್ತದೆ. ದಾವಣಗೆರೆ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ (ಯಾವುದು ಅಂತ ಕೇಳಬೇಡಿ, ನನ್ನ ಪಿಂಚಣಿ ಇನ್ನೂ ಮಂಜೂರಾಗಿಲ್ಲ) 'ನಾವೀನ್ಯತೆ ಮತ್ತು ಉದ್ಯಮಶೀಲತಾ ಕೇಂದ್ರ' ತೆರೆದು, ನನ್ನನ್ನು ಅದಕ್ಕೆ ಸೂಪರಿಂಟೆಂಡೆಂಟ್ ಮಾಡಿದ ಮೇಲಂತೂ ವಾರಕ್ಕೊಂದು ಪ್ರಸಂಗ ಖಾತ್ರಿ. ವಿದ್ಯಾರ್ಥಿಗಳು, ನೌಕರರು ಏನಾದರೂ ಹೊಸದು ಮಾಡಲು ಹೊರಟರೆ ಕೈಹಿಡಿಯುವುದು ಕೇಂದ್ರದ ಉದ್ದೇಶ. ಹೊಸದು ಕಂಡರೆ 'ಪೂರ್ವನಿದರ್ಶನ ಲಗತ್ತಿಸಿ' ಎಂದು ಬರೆಯುವುದು ನನ್ನ ಅಭ್ಯಾಸ. ಜಾತಕ ಕೂಡುವುದು ಕಷ್ಟವಿತ್ತು.

ಮುರಿದ ಬೆಂಚುಗಳು

ಕೇಂದ್ರಕ್ಕೆ ಕೊಟ್ಟಿದ್ದು ಮುರಿದ ಬೆಂಚುಗಳನ್ನು ಒಟ್ಟಿದ್ದ ಒಂದು ಕೋಣೆ. ನಿರ್ದೇಶಕಿಯಾಗಿ ಬಂದ ಮೇಡಂ ಮೆಕ್ಯಾನಿಕಲ್ ಪ್ರೊಫೆಸರು, ಸೆರಗು ಸಿಕ್ಕಿಸಿ ತಾವೇ ಸ್ಪ್ಯಾನರ್ ಹಿಡಿಯುವವರು. ಬೆಂಚು ವಿಲೇವಾರಿಗೆ ಸಮಿತಿ ಬೇಕು, ಸಮಿತಿಗೆ ಕೋರಂ ಬೇಕು ಎಂದು ನಾನು ವಿವರಿಸುತ್ತಿದ್ದಂತೆಯೇ ಅವರು ವಿದ್ಯಾರ್ಥಿಗಳನ್ನು ಕರೆದು, "ಇದ್ರಾಗ ಏನ್ ಮಾಡಬೋದು ನೋಡ್ರಿ" ಅಂದರು. ನಾಲ್ಕೇ ದಿನದಲ್ಲಿ ಅಷ್ಟೂ ಬೆಂಚುಗಳು ಗಟ್ಟಿಮುಟ್ಟಾದ ಕೆಲಸದ ಮೇಜುಗಳಾದವು.

ತಿಂಗಳಾದ ಮೇಲೆ ಉಗ್ರಾಣ ವಿಭಾಗದಿಂದ ಪತ್ರ ಬಂತು: 'ದಾಸ್ತಾನು ಪುಸ್ತಕದ ಪ್ರಕಾರ ತಮ್ಮ ಕೋಣೆಯಲ್ಲಿ ನಲವತ್ತು ಮುರಿದ ಬೆಂಚುಗಳಿರತಕ್ಕದ್ದು. ಪರಿಶೀಲಿಸಲಾಗಿ ಮುರಿದದ್ದು ಒಂದೂ ಕಂಡುಬಂದಿರುವುದಿಲ್ಲ. ಇದಕ್ಕೆ ಹೊಣೆ ಯಾರು?'

ಮೇಡಂ ನಕ್ಕು, "ನಾನೇ ಹೊಣೆ ಅಂತ ಬರೀರಿ" ಅಂದರು. ಮೂವತ್ತು ವರ್ಷದಲ್ಲಿ ತಾವಾಗಿ ಹೊಣೆ ಒಪ್ಪಿಕೊಂಡ ಅಧಿಕಾರಿಯನ್ನು ನಾನು ಕಂಡದ್ದು ಅದೇ ಮೊದಲು. ಅಂಥ ಉತ್ತರಕ್ಕೆ ಹಳೆಯ ಕಡತದಲ್ಲಿ ಮಾದರಿಯೇ ಸಿಗದೆ, ಪತ್ರ ಹೋಗುವುದು ಎರಡು ವಾರ ತಡವಾಯಿತು.

ಮೂರು ಕೊಟೇಷನ್

ಕೇಂದ್ರಕ್ಕೆ ಮೊದಲ ಅರ್ಜಿ ಹಿಡಿದು ಬಂದವಳು ಎಂಜಿನಿಯರಿಂಗ್ ಓದುವ ಒಬ್ಬ ಹುಡುಗಿ. ಅವಳ ತಾಯಿ ಊರಿನ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯುವ ಕೆಲಸದವರು. ಅಕ್ಕಿ ಅರಳುವುದು ಕಾದ ಮರಳಿನಲ್ಲಿ. ಆಮೇಲೆ ಆ ಮರಳನ್ನೆಲ್ಲ ಕೈಯಲ್ಲೇ ಜರಡಿಯಾಡಿಸಿ ತೆಗೆಯಬೇಕು. ವರ್ಷಗಟ್ಟಲೆ ಆಡಿಸಿ ಆಡಿಸಿ ತಾಯಿಯ ಬಲಗೈ ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ.

"ಪಿ.ಜೆ. ಬಡಾವಣೆ ಡಾಕ್ಟ್ರು ಜರಡಿ ಬಿಡ್ರಿ ಅಂದ್ರು ಸರ್. ಬಿಟ್ರೆ ಮನಿ ಹೆಂಗ್ ನಡೀತೈತೆ ಅಂತ ಹೇಳ್ಲಿಲ್ಲ. ಅದಕ್ಕ ನಾನೇ ಜರಡಿ ಮಷಿನ್ ಮಾಡ್ತೀನಿ" ಅಂದಳು.

ನಾನು ನಿಯಮ ಹೇಳಿದೆ. "ಮಷಿನ್ ಭಾಗ ಖರೀದಿಗೆ ಮೂರು ಕಡೆಯಿಂದ ಕೊಟೇಷನ್ ಬೇಕಮ್ಮಾ."

"ಈ ಮಷಿನ್ನ ಯಾರೂ ಮಾಡಲ್ಲ ಸರ್. ಅದಕ್ಕೇ ನಾನು ಮಾಡ್ತಿರೋದು."

"ಹಾಗಾದ್ರೆ ಯಾರೂ ಮಾಡಲ್ಲ ಅಂತ ಮೂವರ ಹತ್ರ ಬರೆಸ್ಕೊಂಡು ಬಾ" ಅಂದೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಅವಳು ನಕ್ಷೆ ಹಿಡಿದು ರೈಲು ಹತ್ತಿ ಹರಿಹರಕ್ಕೆ ಹೋದಳು. ಅಲ್ಲಿ ಒಂದು ಗಲ್ಲಿಯಲ್ಲಿ ಸಾಲಾಗಿ ಮೂರು ಲೇತ್ ಅಂಗಡಿ. ಮೊದಲನೆಯ ಮೇಸ್ತ್ರಿ ನಕ್ಷೆ ನೋಡಿ, "ಈ ಶಾಫ್ಟು ಹಿಂಗ್ ಇಟ್ರೆ ಎರಡು ದಿನಕ್ಕೆ ಮುರೀತೈತೆ" ಅಂದು ಪಕ್ಕದವನನ್ನು ಕೂಗಿದ. ಪಕ್ಕದವನು ಒಪ್ಪದೆ ಮೂರನೆಯವನನ್ನು ಕೂಗಿದ. ಮಧ್ಯಾಹ್ನದವರೆಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚುತ್ತಾ ಮೂವರೂ ಜಗಳಾಡಿದರಂತೆ. ಸಂಜೆ ಹುಡುಗಿ ಮೂರು ಕೊಟೇಷನ್ ತಂದಳು. ಮೊದಲನೆಯವನದು ಜರಡಿ ಮತ್ತು ಶಾಫ್ಟಿಗೆ, ಎರಡನೆಯವನದು ಫ್ಯಾನಿಗೆ, ಮೂರನೆಯವನದು ನಾಲ್ಕು ಕಾಲಿಗೆ. ಯಾರಿಗೆ ಯಾವುದು ಕೈವಶವೋ ಅದನ್ನು ಬರೆದುಕೊಟ್ಟಿದ್ದರು.

ಖರೀದಿ ವಿಭಾಗ ಅಷ್ಟು ಬೇಗ ತೀರ್ಮಾನ ತೆಗೆದುಕೊಂಡಿದ್ದನ್ನು ನಾನು ಕಂಡಿಲ್ಲ: 'ಮೂವರಲ್ಲಿ ಅತಿ ಕಡಿಮೆ ದರ ಮೂರನೆಯವರದ್ದು. ಅವರಿಂದಲೇ ಖರೀದಿಸುವುದು.' ಹೀಗೆ ವಿಶ್ವವಿದ್ಯಾಲಯದ ಮುದ್ರೆಯೊಂದಿಗೆ ನಾಲ್ಕು ಕಾಲಿಗೆ ಆರ್ಡರ್ ಆಯಿತು.

ಹುಡುಗಿ ಸಪ್ಪೆ ಮೋರೆ ಹಾಕಿಕೊಂಡು ಮತ್ತೆ ಹರಿಹರಕ್ಕೆ ಹೋದಳು. ಆರ್ಡರ್ ಓದಿದ ಮೊದಲ ಮೇಸ್ತ್ರಿ, "ಚಿಂತಿ ಬ್ಯಾಡವ್ವಾ. ಕಾಲು ಸಿಕ್ಕಾವಲ್ಲ, ಉಳಿದಿದ್ದು ನಡಕಂಡು ಬರ್ತೈತೆ" ಅಂದನಂತೆ.

ಭಟ್ಟಿಯ ಪಾಠ

ನಿಜಕ್ಕೂ ನಡೆದುಕೊಂಡೇ ಬಂತು. ದುಡ್ಡಿನ ಮಾತು ಮಷಿನ್ ಓಡಿದ ಮೇಲೆ ಎಂದು ಮೂವರು ಮೇಸ್ತ್ರಿಗಳೂ ಸೇರಿ ಇಡೀ ಮಷಿನ್ನನ್ನೇ ನಿಲ್ಲಿಸಿಕೊಟ್ಟರು. ಆರ್ಡರಿಲ್ಲದೆ ಒಂದು ಗುಂಡುಸೂಜಿ ಕೊಡದ ನನಗೆ ಆ ಮೂವರಿಗೆ ಕೈಮುಗಿಯಬೇಕು ಅನ್ನಿಸಿತು.

ಭಟ್ಟಿಯಲ್ಲಿ ಮೊದಲ ಪರೀಕ್ಷೆ. ಗುಂಡಿ ಒತ್ತಿದ್ದೇ ತಡ, ಫ್ಯಾನು ಮಂಡಕ್ಕಿಯನ್ನೆಲ್ಲ ನಮ್ಮ ತಲೆಯ ಮೇಲೆ ಸುರಿಯಿತು. ತಟ್ಟೆಯಲ್ಲಿ ಉಳಿದದ್ದು ಶುದ್ಧ ಮರಳು.

ಹುಡುಗಿಯ ತಾಯಿ ನಮ್ಮನ್ನೆಲ್ಲ ನೋಡಿ, "ನಿಮ್ಮ ಮಷಿನ್ ಮಂಡಕ್ಕಿ ಬಿಸಾಕಿ ಮರಳು ಇಟ್ಕಂತೈತಲ್ಲ! ಹಂಗಲ್ಲ, ಇಲ್ನೋಡ್ರಿ" ಎಂದು ಜರಡಿ ತೆಗೆದುಕೊಂಡರು. ಎರಡು ಸಲ ಓರೆ ಮಾಡಿ, ಒಂದು ಸಲ ತಟ್ಟಿ, ಕೊನೆಗೆ ಮೆಲ್ಲಗೆ ಉಫ್ ಎಂದು ಊದಿದರು. ಊದುವುದು ಕೊನೆಗೆ! ನಾವು ಮೊದಲೇ ಊದಿದ್ದೆವು. ಮೇಡಂ ನೆಲದ ಮೇಲೆ ಕೂತು ನೋಟುಪುಸ್ತಕ ತೆಗೆದು ಬರೆದುಕೊಂಡರು. ಅಷ್ಟು ಓದಿದವರು ಅಷ್ಟು ಶ್ರದ್ಧೆಯಿಂದ ಕಲಿಯುವುದನ್ನು ನೋಡಿ ನನ್ನ ಮನಸ್ಸು ತುಂಬಿತು.

ಕಡತದಲ್ಲಿ 'ವಿಷಯತಜ್ಞರು' ಎಂಬಲ್ಲಿ ಆ ತಾಯಿಯ ಹೆಸರನ್ನೇ ಬರೆದೆ. ಮೇಲಿನಿಂದ ಆಕ್ಷೇಪಣೆ ಬಂತು: 'ತಜ್ಞರಿಗೆ ಪಿಎಚ್.ಡಿ. ಇದೆಯೇ?' ನಾನು ಜೀವನದಲ್ಲಿ ಮೊದಲ ಬಾರಿ ಪೂರ್ವನಿದರ್ಶನವಿಲ್ಲದ ಟಿಪ್ಪಣಿ ಬರೆದೆ: 'ತಜ್ಞರಿಗೆ ಇಲ್ಲ. ಅವರ ಬಳಿ ಕಲಿತ ಪ್ರೊಫೆಸರಿಗೆ ಇದೆ.'

ಅಧ್ಯಕ್ಷರ ಹಲ್ಲು

ಕೊನೆಗೆ ಪರಿಶೀಲನಾ ಸಮಿತಿ ಬಂತು. ಮೂವರು ಹೊರಗಿನ ವಿದ್ವಾಂಸರು. ಅವರು ಒಪ್ಪಿದರೆ ಕೇಂದ್ರ ಉಳಿಯುತ್ತದೆ, ಇಲ್ಲದಿದ್ದರೆ ಕೋಣೆ ಮತ್ತೆ ಗೋದಾಮು. ಭಟ್ಟಿಯ ಮಾಲೀಕರೂ ಹುಡುಗಿಗೆ ಹೇಳಿದ್ದರು: "ಸಮಿತಿ ಹೂಂ ಅಂದ್ರೆ ಮಷಿನ್ ಇಟ್ಕಂತೀನಿ. ಇಲ್ಲಾಂದ್ರೆ ನಿಮ್ಮವ್ವ ಮತ್ತೆ ಜರಡಿ ಹಿಡೀಬೇಕು." ಆ ಕೈಯನ್ನು ನೋಡಿದ್ದ ನಾನು ಅವತ್ತು ಒಂದು ಗಂಟೆ ಮೊದಲೇ ಕೇಂದ್ರದ ಬಾಗಿಲು ತೆರೆದೆ.

ಮಷಿನ್ನನ್ನು ಕೇಂದ್ರದ ಕೋಣೆಗೆ ತರಿಸಿ, ತಾಯಿಯನ್ನೂ ಕರೆತಂದು, ಹುಡುಗಿ ಎರಡು ಬುಟ್ಟಿ ಇಟ್ಟಿದ್ದಳು. ಒಂದರಲ್ಲಿ ಜರಡಿಯಾಗದ ಮಂಡಕ್ಕಿ, ಇನ್ನೊಂದರಲ್ಲಿ ತಾಯಿ ತೋರಿಸಿದಂತೆ ತಿದ್ದಿದ ಮಷಿನ್‌ನಲ್ಲಿ ಸೋಸಿದ್ದು. ಅತಿಥಿಗಳು ಬಂದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡದೆ ಕಳಿಸುವುದು ನಮ್ಮೂರಲ್ಲಿ ಉಂಟೇ? ಉಪಚಾರ ನನ್ನ ಪಾಲಿಗಿತ್ತು. ಕೈಗೆ ಹತ್ತಿರವಿದ್ದ ಬುಟ್ಟಿಯಿಂದ ತೆಗೆದು, ಈರುಳ್ಳಿ ಹೆಚ್ಚಿ ಹಾಕಿ, ಎಣ್ಣೆ ಖಾರ ಕಲಸಿ ತಟ್ಟೆಗೆ ಹಾಕಿದೆ. ಇಬ್ಬರು ಸದಸ್ಯರು ಎಣ್ಣೆ, ಖಾರ ವರ್ಜ್ಯವೆಂದು ಬರೀ ಟೀ ಹಿಡಿದರು. ಅಧ್ಯಕ್ಷರು ಒಂದು ದೊಡ್ಡ ಮುಕ್ಕು ಹಾಕಿಕೊಂಡರು.

ಅಷ್ಟರಲ್ಲಿ ಒಬ್ಬ ಸದಸ್ಯರು, "ಮಂಡಕ್ಕಿಯಲ್ಲಿ ಮರಳು ಅನ್ನೋದು ನಿಜಕ್ಕೂ ಒಂದು ಸಮಸ್ಯೆಯೇ?" ಎಂದು ಕೇಳಿದರು.

"ಕಟಕ್!" ಎಂದಿತು ಅಧ್ಯಕ್ಷರ ಬಾಯಿ.

"ಉಗುಳ್ರಿ ಸಾಹೇಬ್ರ, ಉಗುಳ್ರಿ! ಅದಿನ್ನೂ ಜರಡಿ ಕಂಡಿಲ್ಲ!" ಎಂದು ತಾಯಿ ಕೂಗಿದರು. ಅಧ್ಯಕ್ಷರ ಅಂಗೈಯಲ್ಲಿ ಒಂದು ಕಲ್ಲಿನ ಚೂರು, ಪಕ್ಕದಲ್ಲಿ ಒಂದು ಹಲ್ಲಿನ ಚೂರು. ನನಗೋ ಎಲ್ಲಾದರೂ ಬಚ್ಚಿಟ್ಟುಕೊಳ್ಳಬೇಕು ಅನ್ನಿಸಿತು. ಮರೆಗೆ ಒಂದು ಮುರಿದ ಬೆಂಚೂ ಇರಲಿಲ್ಲ.

ತಾಯಿ ಯಾರನ್ನೂ ಕೇಳಲಿಲ್ಲ. ಅದೇ ಬುಟ್ಟಿಯನ್ನು ಎಡಗೈಯಲ್ಲಿ ಎಳೆದು ಮಷಿನ್ನಿಗೆ ಸುರಿದು ಗುಂಡಿ ಒತ್ತಿದರು. ಮಷಿನ್ ಎರಡು ಸಲ ಓರೆಯಾಯಿತು, ಒಂದು ಸಲ ತಟ್ಟಿತು, ಕೊನೆಗೆ ಮೆಲ್ಲಗೆ ಊದಿತು. ಮರಳು ಜರಜರ ಕೆಳಗಿಳಿಯಿತು. ಮೊದಲು ತಾವೊಂದು ಮುಕ್ಕು ತಿಂದು, ತಟ್ಟೆಯನ್ನು ಅಧ್ಯಕ್ಷರ ಮುಂದೆ ಹಿಡಿದು, "ಆ ಕಡೀ ಹಲ್ಲಿನಾಗ ತಿನ್ರಿ" ಅಂದರು.

ಅಧ್ಯಕ್ಷರು ದೇವರನ್ನು ನೆನೆದು ಬಾಯಿಗೆ ಹಾಕಿಕೊಂಡರು. ಒಬ್ಬರು ಮಂಡಕ್ಕಿ ಅಗಿಯುವುದನ್ನು ಇಡೀ ಕೋಣೆ ಕಿವಿಗೊಟ್ಟು ಕೇಳಿತು. ಕರುಂ ಕುರುಂ ಬಿಟ್ಟರೆ ಬೇರೆ ಸದ್ದಿಲ್ಲ. ಎರಡನೆಯ ಮುಕ್ಕಿಗೆ ಅವರೇ ಕೈ ಹಾಕಿದರು.

ಹದಿನೈದು ದಿನಕ್ಕೆ ವರದಿ ಬಂತು. ಹುಡುಗಿ, ಮೇಡಂ, ನಾನು ಭಟ್ಟಿಗೇ ಹೋಗಿ ಆ ತಾಯಿಗೆ ಓದಿ ಹೇಳಿದೆವು: 'ಸಮಸ್ಯೆ ನೈಜವಾದದ್ದೆಂದು ಅಧ್ಯಕ್ಷರು ಖುದ್ದಾಗಿ ಅನುಭವಿಸಿ ದೃಢಪಡಿಸಿದ್ದಾರೆ. ಕೇಂದ್ರವನ್ನು ಮುಂದುವರಿಸುವುದು. ಇಂಥ ಇನ್ನೂ ಐದು ಮಷಿನ್ ತಯಾರಿಸಲು ಶಿಫಾರಸು ಮಾಡಿದೆ.' ಹುಡುಗಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಮೇಡಂ ಕನ್ನಡಕ ತೆಗೆದರು.

ತಾಯಿ ಮಾತ್ರ ಬೆರಳು ಮಡಿಚಿ ಏನೋ ಎಣಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಬೈದರು.

"ಒಂದು ಹಲ್ಲಿಗೆ ಐದು ಮಷಿನ್ನಾ? ಆ ಇಬ್ರು ಸಾಹೇಬ್ರಿಗೂ ಒತ್ತಾಯ ಮಾಡಿ ತಿನ್ಸಿದ್ರೆ ಹದಿನೈದು ಆಗ್ತಿದ್ವಲ್ರೀ!"