ಮುಂದಿನೆರಡು ಖೋಲಿಗಳಿಗೆ ಬಂದ ಬಾಡಿಗೆದಾರಳು

ಬಾಡಿಗೆ ಮನೆ ಹುಡುಕುವವರ ಪಾಡಿಗೆ ಮರುಗುವವರು ಊರ ತುಂಬ ಸಿಗುತ್ತಾರೆ. ಬಾಡಿಗೆದಾರರನ್ನು ಹುಡುಕುತ್ತ ಅಲೆಯುವ ಮಾಲೀಕನ ಪಾಡು ಕೇಳಿದರೆ ಮಾತ್ರ ಜನ ಮುಸಿಮುಸಿ ನಗುತ್ತಾರೆ. ನಗಲಿ ಬಿಡಿ, ನಮ್ಮ ಕಾಲ ನಡೆಯುತ್ತಿದ್ದಾಗ ನಾವು ಮೆರೆದದ್ದೇನು ಕಡಿಮೆಯೇ? ಹಾನಗಲ್ಲಿನ ನಮ್ಮ ಮನೆಯಲ್ಲಿ ಬೀದಿಗೆ ಮುಖ ಮಾಡಿದ ಎರಡು ಖೋಲಿಗಳನ್ನು ಅಪ್ಪನ ಕಾಲದಿಂದಲೂ ಬಾಡಿಗೆಗೆ ಕೊಡುತ್ತ ಬಂದಿದ್ದೆವು. ಹಿಂದಿನ ಭಾಗದಲ್ಲಿ ನಾವು, ಅಂದರೆ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದ ನಾನು, ನನ್ನ ಹೆಂಡತಿ ಗಂಗವ್ವ ಮತ್ತು ಒಂದು ಎಮ್ಮೆ. ಎಪ್ಪತ್ತರ ದಶಕದಲ್ಲಿ ಊರಿಗೆ ವರ್ಗವಾಗಿ ಬಂದ ನೌಕರ ತನ್ನ ಹಾಸಿಗೆ ಸುರುಳಿಯನ್ನು ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿಟ್ಟು ನೇರ ನಮ್ಮ ಕಟ್ಟೆಗೆ ಬರುತ್ತಿದ್ದ. ನಾನು ಅವನನ್ನು ಕೂಡ್ರಿಸಿಕೊಂಡು ಮಕ್ಕಳೆಷ್ಟು, ನೆಂಟರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಬಂದರೆ ಹೋಗುತ್ತಾರೆಯೇ, ರೇಡಿಯೋ ಎಷ್ಟು ಜೋರು, ಗೋಡೆಗೆ ಮೊಳೆ ಹೊಡೆಯುವ ಚಟವುಂಟೇ ಎಂದು ಮೌಖಿಕ ಪರೀಕ್ಷೆ ನಡೆಸುತ್ತಿದ್ದೆ. ದನದ ಡಾಕ್ಟರೊಬ್ಬರನ್ನು, ಅವರು ಸ್ನಾನ ಮಾಡುವಾಗ ಹಾಡುತ್ತಾರೆಂಬ ಕಾರಣಕ್ಕೆ ನಪಾಸು ಮಾಡಿದ್ದೂ ಉಂಟು.

ಎಂಬತ್ತರ ದಶಕ ಬಂತು, ನಮ್ಮ ದರ್ಬಾರು ಮುಗಿಯಿತು. ಊರ ಹೊರಗೆ ಸರ್ಕಾರದವರು ಸಾಲಾಗಿ ಕ್ವಾರ್ಟರ್ಸ್ ಕಟ್ಟಿಸಿದರು. ಸಾಲದ್ದಕ್ಕೆ ಬಸ್ಸುಗಳು ಹೆಚ್ಚಾದವು, ಅರ್ಧ ನೌಕರರು ಹಾವೇರಿಯಿಂದಲೇ ದಿನಾ ಬಂದುಹೋಗತೊಡಗಿದರು. ನಮ್ಮ ಓಣಿಯಲ್ಲಿ ಬಾಗಿಲಿಗೊಂದು ‘ಮನೆ ಬಾಡಿಗೆಗೆ ಇದೆ’ ಎಂಬ ಹಲಗೆ ನೇತಾಡಹತ್ತಿತು. ನಮ್ಮ ಕೊನೆಯ ಬಾಡಿಗೆದಾರ, ತಾಲೂಕು ಕಚೇರಿಯ ಕ್ಲಾರ್ಕ್, ಸಾಮಾನು ಚಕ್ಕಡಿಗೆ ಹೇರಿಸಿ ಬಂದು ಕೈಮುಗಿದ. “ಮಾಸ್ತರ, ನಿಮ್ಮಲ್ಲೆ ಎಲ್ಲಾ ಛಲೋನ ಇತ್ರಿ. ಆದ್ರ ಅಲ್ಲೆ ನಳ ಅಡಗಿಮನ್ಯಾಗ ಐತ್ರಿ” ಅಂದ. ನಾನು ದೊಡ್ಡಸ್ತಿಕೆಯಿಂದ, ಹೋಗಿ ಬರ್ರಿ, ನಿಮ್ಮಂಥವರು ಹತ್ತು ಮಂದಿ ಬರುತ್ತಾರೆ ಎಂದೆ. ಆರು ತಿಂಗಳಲ್ಲಿ ಬಂದದ್ದು ಒಂದು ಬೆಕ್ಕು, ಅದೂ ಮರಿ ಹಾಕಿ ಹೋಯಿತು. ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿದ್ದ ಮಗಳ ಖರ್ಚು ನಡೆಯುತ್ತಿದ್ದುದು ಆ ಬಾಡಿಗೆಯಿಂದಲೇ ಆದ್ದರಿಂದ ನನಗೆ ನಿದ್ದೆ ಕಡಿಮೆಯಾಯಿತು.

ಸವಣೂರಿನಲ್ಲಿ ನನಗೊಬ್ಬ ಗೆಳೆಯನಿದ್ದ, ವೀಳ್ಯದೆಲೆಯ ವ್ಯಾಪಾರಿ ಹುಸೇನಸಾಬ. ಮೂರು ಮನೆಗಳ ಮಾಲೀಕ, ಮೂರೂ ತುಂಬಿದ್ದವು. ಬಾಡಿಗೆ ಇಳಿಸಲೇ ಎಂದು ಅವನನ್ನು ಕೇಳಲು ಹೋದೆ. ಎಲೆಗೆ ನೀರು ಚಿಮುಕಿಸುತ್ತಲೇ ಅವನು ಹೇಳಿದ, “ಗಿರಾಕಿ ಬರಲಿಲ್ಲಂದ್ರ ನಾ ಏನು ಸೋವಿ ಮಾಡ್ತೇನೇನು ಮಾಸ್ತರ? ಚಲೋ ಎಲಿ ಮುಂದ ಇಡ್ತೇನಿ. ಮನಿ ನೋಡಾಕ ಗಂಡಸು ಬರ್ತಾನ, ಖರೆ. ಒಪ್ಪಾಕಿ ಹೆಣಮಗಳು. ಹೋಗಿ ಮೊದಲ ಅಡಗಿಮನಿ ಸುಧಾರಸು.”

ಮಾತು ನನ್ನ ತಲೆಗೆ ಹೊಕ್ಕಿತು. ಆಡೂರಿನಿಂದ ಒಬ್ಬ ಗೌಂಡಿಯನ್ನು ಕರೆಸಿದೆ. ಬಾಡಿಗೆಯ ಖೋಲಿಗಳಲ್ಲಿ ಅಡಿಗೆಮನೆಯಾಗಿದ್ದ ಒಂದಕ್ಕೆ ಮೂಡಣದ ಗೋಡೆ ಒಡೆದು ದೊಡ್ಡ ಕಿಟಕಿ ಇಡಿಸಿದೆ. ಹೊಗೆ ಹೋಗಲು ಚಿಮಣಿ, ನೆಲಕ್ಕೆ ಶಹಾಬಾದ ಕಲ್ಲು, ಒಳಗೇ ನಳ. ಕುಕ್ಕರಗಾಲಲ್ಲಿ ಕೂಡುವ ಕಷ್ಟ ಬೇಡವೆಂದು ನಿಂತು ಅಡಿಗೆ ಮಾಡುವ ಕಟ್ಟೆ. ಗಂಗವ್ವ ದಿನಕ್ಕೆರಡು ಸಲ ಗೌಂಡಿಗೆ ಚಹಾ ಒಯ್ದು ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸುಮ್ಮನೆ ನೋಡುತ್ತ ನಿಂತಿರುತ್ತಿದ್ದಳು. ಕಟ್ಟೆಯ ಎತ್ತರ ಎಷ್ಟಿರಬೇಕೆಂದು ಅವನು ಕೇಳಿದಾಗ ಲೆಕ್ಕದ ಮಾಸ್ತರನಾದ ನನಗೂ ತಿಳಿಯಲಿಲ್ಲ. “ಅಕ್ಕಾರ, ಒಂದೀಟು ಇಲ್ಲೆ ನಿಂದರ್ರಿ” ಎಂದು ಅವನು ಅವಳನ್ನೇ ನಿಲ್ಲಿಸಿ ಗೋಡೆಗೆ ಗೆರೆ ಹೊಡೆದ. ಆಹಾ, ಬರುವ ಬಾಡಿಗೆದಾರರಿಗೆ ಎಷ್ಟು ಅನುಕೂಲ ಎಂದು ನಾನು ಕೈ ಹೊಸೆದೆ. ಅವಳು ಚಹಾದ ಕಪ್ಪು-ಬಸಿ ತೆಗೆದುಕೊಂಡು ಒಳಗೆ ಹೋದಳು.

ಮುಂದಿನ ವಾರವೇ ಶಿಗ್ಗಾಂವಿಯಿಂದ ವರ್ಗವಾಗಿ ಬಂದ ಬ್ಯಾಂಕಿನ ಕ್ಯಾಷಿಯರ್ ಹೆಂಡತಿಯೊಂದಿಗೆ ಮನೆ ನೋಡಲು ಬಂದ. ನಾನು ಅವನಿಗೆ ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿ ಶಾಂತವಾದ ಓಣಿಯ ವರ್ಣನೆ ಮಾಡುತ್ತಿರುವಾಗ, ಆ ಹೆಣ್ಣುಮಗಳು ತಾನಾಗಿಯೇ ಪಕ್ಕದ ಸಂದಿಯಿಂದ ಹೋಗಿ ತಪ್ಪಿ ನಮ್ಮ ಅಡಿಗೆಮನೆಯನ್ನು ಹೊಕ್ಕುಬಿಟ್ಟಳು. ನಾನು ಹಿಂದಿನಿಂದ ಓಡಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು.

“ಅಯ್ಯ, ಈ ಹೊಗಿಯೊಳಗ ಯಾರ ಅಡಗಿ ಮಾಡ್ತಾರ್ರೀ? ಕಿಡಕಿ ಸೈತ ಇಲ್ಲ. ಇದು ಎಮ್ಮಿ ಕಟ್ಟೂ ಜಾಗಾನ?”

ಕತ್ತಲೆಯೊಳಗಿಂದ ಗಂಗವ್ವನ ಸಮಾಧಾನದ ದನಿ ಬಂತು. “ಎಮ್ಮಿ ಆಚೀಕಡೆ ಐತೆವಾ. ಇಲ್ಲೆ ನಾ ಇರ್ತೇನಿ, ಇಪ್ಪತ್ತ ವರ್ಷಾತು. ನಿಮಗ ತೋರಸೂ ಮನಿ ಮುಂದಿಂದು.”

ನಾನು ಆ ಹೆಣ್ಣುಮಗಳನ್ನು ಅವಸರದಿಂದ ಮುಂದಿನ ಅಡಿಗೆಮನೆಗೆ ಕರೆತಂದೆ. ಬೆಳಕು ನೋಡಿ ಆಕೆಯ ಮುಖ ಅರಳಿತು. ನಳ ತಿರುಗಿಸಿ ನೋಡಿದಳು, ಕಟ್ಟೆಗೆ ಎದುರಾಗಿ ನಿಂತಳು. ಆಕೆ ಸ್ವಲ್ಪ ಗಿಡ್ಡು. “ಎಲ್ಲಾ ಛಂದ ಐತ್ರಿ. ಈ ಕಟ್ಟಿ ಅಷ್ಟ ಎತ್ತರಾತು. ಒಡದು ಸಣ್ಣದು ಮಾಡಸ್ರಿ, ಸೋಮವಾರ ಬರ್ತೇವಿ.”

“ನಾಳೇನ ಒಡಸ್ತೇನ್ರಿ ತಾಯಿ” ಎಂದೆ.

“ಒಡಿಯೂದಿಲ್ಲ” ಎಂದು ಬಾಗಿಲಲ್ಲಿ ಗಂಗವ್ವ ಹೇಳಿದಳು. ಕೈಯಲ್ಲಿ ಊದುಗೊಳವೆಯಿತ್ತು. “ತಪ್ಪು ತಿಳಕೋಬ್ಯಾಡವಾ. ಈ ಮನಿಗೆ ಬ್ಯಾರೆದವರು ಬಂದಾರ.”

ಬಂದವರು ಮುಖ ಮುಖ ನೋಡಿಕೊಂಡು ಹೋದರು. ನನಗೆ ಸಿಟ್ಟು ನೆತ್ತಿಗೇರಿತು. ಆರು ತಿಂಗಳಿಗೆ ಸಿಕ್ಕ ಒಂದು ಕುಳವನ್ನು ಓಡಿಸಿದೆಯಲ್ಲ, ಯಾರು ಆ ಬೇರೆಯವರು ಎಂದು ಕೇಳಿದೆ.

“ನಾನ” ಎಂದಳು. “ಯಾವ ಊರಿಂದರ ಬರೂ ಹೆಣಮಗಳು ಹೊಗಿ ಕುಡೀಬಾರದಂತ ಗ್ವಾಡಿ ಒಡಸಿದ್ರಿ. ನಾ ಮದಿವ್ಯಾಗಿ ಬಂದ ವರ್ಷ ಒಂದ ಕಿಡಕಿ ಕೇಳಿದ್ದೆ, ಸುಗ್ಗಿ ಮುಗೀಲಿ ಅಂದಿದ್ರಿ. ನಮಗ ಹೊಲಾನ ಇಲ್ಲ. ನಾ ಬಾಡಿಗಿ ಕೊಡ್ತೇನಿ, ಆ ಮನಿ ನನಗ ಕೊಡ್ರಿ.”

ಮಾಸ್ತರಿಕೆಯಲ್ಲಿ ಎಷ್ಟೋ ಉತ್ತರಪತ್ರಿಕೆ ತಿದ್ದಿದವನು ನಾನು, ಈ ಮಾತಿನಲ್ಲಿ ಕೆಂಪು ಶಾಯಿ ಹಾಕಲು ಒಂದು ಜಾಗವೂ ಸಿಗಲಿಲ್ಲ. ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಆದರೂ ಮಾಲೀಕನ ಬುದ್ಧಿ ನೋಡಿ, ಬಾಡಿಗೆಗೆ ರೊಕ್ಕ ಎಲ್ಲಿಂದ ತರುತ್ತಿ ಎಂದೆ. “ಕ್ವಾರ್ಟರ್ಸಿನ ಮಂದಿಗೆ ನಳ ಐತಿ, ಎಮ್ಮಿ ಇಲ್ಲ” ಎಂದಳು. ನಾನು ಹಲಗೆ ನೇತುಹಾಕಿ ಕೂತಿದ್ದ ಆರು ತಿಂಗಳಲ್ಲಿ ಅವಳು ಅಲ್ಲಿ ನಾಲ್ಕು ಮನೆಗಳಿಗೆ ದಿನಾ ಹಾಲು ಹಾಕುವ ವರ್ತನೆ ಹಿಡಿದಿದ್ದಳು. ಕೈಮುಗಿದು ಹೋದ ನಮ್ಮ ಕ್ಲಾರ್ಕನೂ ಅವಳ ಗಿರಾಕಿಯೇ. ಅಷ್ಟೂ ದಿನ ಮಗಳ ಖರ್ಚು ಅವಳು ಕಳಿಸುತ್ತಿದ್ದ ಆ ಹಾಲಿನ ರೊಕ್ಕದಿಂದಲೇ ನಡೆದಿತ್ತು, ನನಗೆ ಮಾತ್ರ ನಿದ್ದೆ ಇರಲಿಲ್ಲ.

ಹೀಗೆ ನಾವು ಮುಂದಿನ ಖೋಲಿಗಳಿಗೆ ಬಂದೆವು. ಈಗ ಗಂಗವ್ವ ಬೆಳಕಿನಲ್ಲಿ ನಿಂತು ರೊಟ್ಟಿ ಬಡಿಯುತ್ತಾಳೆ, ಕಿಟಕಿಯಿಂದ ಓಣಿಯ ಸುದ್ದಿಯೆಲ್ಲ ಬಿಸಿಬಿಸಿಯಾಗಿ ಒಳಗೆ ಬರುತ್ತದೆ, ಎಮ್ಮೆಗಳು ಎರಡಾಗಿವೆ. ಸುಖವಾಗಿದ್ದೇವೆ ಎನ್ನಲು ನನಗೆ ಸಂಕೋಚವಿಲ್ಲ. ಹಲಗೆಯನ್ನು ಮಾತ್ರ ಹಿಂದಿನ ಭಾಗಕ್ಕೆ ಸಾಗಿಸಿದೆ. ಅಲ್ಲಿಗೆ ಬಂದವರೆಲ್ಲ ಒಳಗೆ ಇಣುಕಿ ಬಂದ ದಾರಿಯಲ್ಲೇ ಹೋಗುತ್ತಾರೆ.

ಮೊನ್ನೆ ಹಿರೇಕೆರೂರಿನಿಂದ ಬಂದ ಅಂಚೆ ಕಚೇರಿಯವರೊಬ್ಬರ ಹೆಂಡತಿ ಆ ಅಡಿಗೆಮನೆಯ ಹೊಸ್ತಿಲಲ್ಲೇ ನಿಂತು, ಕರಿ ಹಿಡಿದ ತೊಲೆಯನ್ನು ದಿಟ್ಟಿಸಿ, “ಇಲ್ಲೆ ಮೊದಲ ಯಾರಿದ್ರಿ?” ಎಂದು ಕೇಳಿದಳು.

“ಒಬ್ರು ಮಾಸ್ತರ ಇದ್ರಿ” ಎಂದೆ.

“ಸಂಸಾರ ಕಟಗೊಂಡು? ಪಾಪ, ಅವರ ಮನ್ಯಾಕಿ ಹೆಂಗ ದಿನಾ ತಗದಳೋ. ಎಂಥಾ ಮನಷ್ಯಾ ಇದ್ದಾನು ಅಂವ?”

ನಾನು ತೊಲೆಯನ್ನೇ ನೋಡುತ್ತಿದ್ದೆ. ನನ್ನ ಬೆನ್ನ ಹಿಂದೆ, ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಗಂಗವ್ವ ತಲೆ ಎತ್ತದೆ ಹೇಳಿದಳು, “ಮನಷ್ಯಾ ಕೆಟ್ಟಾಂವ ಅಲ್ಲವಾ. ಯಾರರ ಬಾಡಿಗಿ ಕೇಳೂತನಕ ಅವಂಗ ಮನಿ ಕಾಣ್ತಿದ್ದಿಲ್ಲ, ಅಷ್ಟ.”

ಆ ಹೆಣ್ಣುಮಗಳು ನಕ್ಕಳು. ಬಾಡಿಗೆದಾರರು ಸಿಗುವುದೇ ಕಷ್ಟವಾದ ಕಾಲ, ನಾನೂ ಜೊತೆಗೆ ನಕ್ಕೆ.