ಮಾಸ್ತರಿಗೆ ಮರೆವಂತೆ

ತಲೆಯಾಡಿಸುವ ಮಕ್ಕಳನ್ನು ನಾನು ನಂಬುವುದಿಲ್ಲ. ಇದು ಹಗೆಯ ಮಾತಲ್ಲ, ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನ ಅನುಭವದ ಮಾತು. ನಿಜಾಮರ ಆಳ್ವಿಕೆ ಮುಗಿದು ಪಾಠಗಳೆಲ್ಲ ಉರ್ದುವಿನಿಂದ ಕನ್ನಡಕ್ಕೆ ದಾಟುತ್ತಿದ್ದ ಕಾಲ ಅದು. ಉರ್ದುವಿನಲ್ಲೇ ಓದಿ ಮಾಸ್ತರನಾದ ನಾನು ‘ಮುಸಲ್ಲಸ್’ ಎಂದು ಬಾಯಿ ತೆರೆದು, ಅರ್ಧಕ್ಕೇ ನುಂಗಿಕೊಂಡು, ‘ತ್ರಿಕೋನ’ ಎನ್ನುತ್ತಿದ್ದೆ. ಮಕ್ಕಳು ಎರಡಕ್ಕೂ ತಲೆಯಾಡಿಸುತ್ತಿದ್ದರು. “ತಿಳೀತೇನು?” ಎಂದರೆ ಗಾಳಿಗೆ ಜೋಳದ ತೆನೆ ಬಾಗಿದಂತೆ ಇಡೀ ತರಗತಿ ಬಾಗುತ್ತಿತ್ತು. ವಾರ ಬಿಟ್ಟು ಅದನ್ನೇ ಕೇಳಿದರೆ, ಆ ಪಾಠ ನಾನು ಮಾಡಿಯೇ ಇಲ್ಲವೇನೋ ಎಂದು ನನಗೇ ಅನುಮಾನ ಬರುವಂಥ ಮೌನ.

ಅದಕ್ಕೊಂದು ಉಪಾಯ ಹೂಡಿದೆ. ತರಗತಿಗೆ ಹೋದೊಡನೆ ಹೊಸ ಪಾಠ ತೆಗೆಯುವುದನ್ನು ಬಿಟ್ಟೆ. ಪುಸ್ತಕ ಮುಚ್ಚಿಸಿ, ಪಾಟಿ ಹೊರಗೆ ತೆಗೆಸಿ, ಮೂರು ಪ್ರಶ್ನೆ ಕೇಳುತ್ತಿದ್ದೆ. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಇನ್ನೊಂದು ಎಲ್ಲರೂ ಮರೆತಿರಬಹುದಾದ ಹಳೆಯದು. ಅಂಕವಿಲ್ಲ, ಬೆತ್ತವಿಲ್ಲ. ನೆನಪು ಮಾಡಿಕೊಂಡು ಬರೆಯಬೇಕು, ತಪ್ಪಿದ್ದರೆ ಒರೆಸಿ ತಿದ್ದಬೇಕು, ಅಷ್ಟೇ. ಮೊದಮೊದಲು ಪಾಟಿಗಳು ಅಂಗಡಿಯಿಂದ ಆಗಷ್ಟೇ ತಂದಂತೆ ಸ್ವಚ್ಛವಾಗಿರುತ್ತಿದ್ದವು. ಬರಬರುತ್ತ ಏನಾದರೊಂದು ಮೂಡತೊಡಗಿತು. ವರ್ಗಮೂಲವೆಂದರೆ ಗಿಡದ ಬೇರೆಂದು ತಿಳಿದಿದ್ದ ಹುಡುಗನೂ ಕೆಲವು ತಿಂಗಳಲ್ಲಿ ಲೆಕ್ಕ ಮಾಡಿ ಪಾಟಿ ಎತ್ತಿ ತೋರಿಸಿದ. ನನಗೆ ಹಿಗ್ಗೋ ಹಿಗ್ಗು.

ಆದರೆ ಮಕ್ಕಳು ಸಂಜೆ ಮನೆಗೆ ಹೋಗುತ್ತಾರೆ, ಹೋಗಿ ಮಾತಾಡುತ್ತಾರೆ ಎಂಬುದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಒಂದು ಶನಿವಾರ ಸಂತೆಕಲ್ಲೂರಿನ ಬಸನಗೌಡರು ತುಪ್ಪದ ಗಡಿಗೆ ಹಿಡಿದುಕೊಂಡು ನನ್ನ ಖೋಲಿಗೆ ಬಂದರು. ಅವರ ಮಗ ನನ್ನ ತರಗತಿಯವನು.

“ಮಾಸ್ತರ್ರ, ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಿದ್ದಿ ಚಲೋ ಬರ್ತೈತೇನ್ರೀ?”

“ಬರ್ತೈತ್ರಿ ಗೌಡ್ರ. ಯಾಕ?”

“ನಮ್ಮ ಹುಡುಗ ಹೇಳಿದ. ಮಾಸ್ತರ್ರಿಗೆ ನಿನ್ನೆ ಏನು ಕಲಿಸ್ಯಾರ ಅನ್ನೂದ ನೆನಪಿರಂಗಿಲ್ಲಂತ, ದಿನಾ ಇವರನ್ನ ಕೇಳಿ ತಿಳ್ಕೊಂತೀರಂತ. ಈ ವಯಸ್ಸಿಗೇ ದಿಮಾಗ್ ಹಿಂಗಾದ್ರ ಹೆಂಗ್ರೀ? ತುಪ್ಪ ತಿನ್ರಿ.”

ನಾನು ಉಪಾಯವನ್ನೆಲ್ಲ ಬಿಡಿಸಿ ಹೇಳಿದೆ. ಗೌಡರು ಕೊನೆಯವರೆಗೂ ತಲೆಯಾಡಿಸಿದರು. ತಲೆಯಾಡಿಸುವವರ ಬಗ್ಗೆ ನನ್ನ ಅಭಿಪ್ರಾಯ ಆಗಲೇ ಹೇಳಿದ್ದೇನೆ.

ಗೌಡರು ಬಟ್ಟೆ ಕೊಳ್ಳುತ್ತಿದ್ದುದು ಮಸ್ಕಿಯ ಅಮರಪ್ಪನವರ ಅಂಗಡಿಯಲ್ಲಿ. ಅಮರಪ್ಪನವರ ಮಗಳನ್ನು ನನಗೆ ತರುವ ಮಾತು ನಡೆದಿದ್ದುದೂ ಆಗಲೇ. ಗೌಡರು ಅಲ್ಲಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರಂತೆ: “ಬಂಗಾರದಂಥಾ ಮಾಸ್ತರ. ಪಾಪ, ಮರವು ಒಂದೈತಿ.”

ಇದ್ಯಾವುದೂ ತಿಳಿಯದೆ ನಾನು ಸಿಂಧನೂರಿನಿಂದ ಬಂದ ಸೋದರಮಾವನ ಜೊತೆ ಹುಡುಗಿ ನೋಡಲು ಮಸ್ಕಿಗೆ ಹೋದೆ. ಮಂಡಾಳ ಒಗ್ಗರಣೆ ಬಂತು, ಮಿರ್ಚಿ ಬಂತು, ತಟ್ಟೆ ಹಿಡಿದು ಹುಡುಗಿಯೂ ಬಂದಳು. ಅಮರಪ್ಪನವರು ಹೆಸರು ಹೇಳಿ ಪರಿಚಯ ಮಾಡಿಸಿದರು. ಹುಡುಗಿ ಒಮ್ಮೆ ತಲೆಯೆತ್ತಿ ನೇರವಾಗಿ ನೋಡಿದಳು. ಈ ಸಂಬಂಧ ತಪ್ಪಬಾರದು ಎಂದು ಆ ಕ್ಷಣವೇ ನನಗೆ ಅನ್ನಿಸಿತು. ಅಷ್ಟರಲ್ಲಿ ಅಮರಪ್ಪನವರು “ಯಾವ ಬಸ್ಸಿಗೆ ಬಂದ್ರಿ?” ಎಂದರು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಮತ್ತೆ ಹೇಳಿದೆ. ಮೂರನೆಯ ಸಲ ಕೇಳಿದಾಗ ಸೋದರಮಾವ ನನ್ನ ಕಿವಿಯಲ್ಲಿ, “ಲೇ, ಮುದುಕಗ ಮರವು ಐತೇನಲೇ?” ಎಂದ.

ಪಿಸುಮಾತು ಸ್ವಲ್ಪ ಜೋರಾಗಿತ್ತು. “ನನಗಲ್ಲರೀ, ನಿಮ್ಮ ಅಳಿಯಗ ಐತಂತ ಕೇಳೀನಿ. ಅದಕ್ಕ ಪರೀಕ್ಷಾ ಮಾಡಾಕತ್ತೀನಿ!” ಎಂದುಬಿಟ್ಟರು ಅಮರಪ್ಪನವರು.

ನಾನು ಮತ್ತೆ ಪಾಟಿಯ ಪುರಾಣ ತೆಗೆದೆ. ಅವರ ಮುಖದ ಗಂಟು ಸಡಿಲಲಿಲ್ಲ. ಆಗ ಹುಡುಗಿಯೇ ಬಾಯಿ ಬಿಟ್ಟಳು. “ಅಪ್ಪಾ, ಅವ್ವ ನನಗ ಹಾಡು ಕಲಿಸೂ ಮುಂದ, ನಿನ್ನಿದು ಹಾಡಿ ತೋರಿಸಿದ ಮ್ಯಾಲೇ ಹೊಸಾದು ಹೇಳಿಕೊಡತಿದ್ದಳು. ಅವ್ವಗ ಮರವು ಐತೇನು?”

ಅಮರಪ್ಪನವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಅವರ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಹೌದು ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇದ್ದಂತಿರಲಿಲ್ಲ.

“ಆತು ಬಿಡ್ರಿ” ಎಂದು ಅಮರಪ್ಪನವರು ನಕ್ಕರು. “ಹಂಗಾದ್ರ ಕಡೀ ಸವಾಲು. ನಮ್ಮ ಹುಡುಗಿ ಹೆಸರು ಹೇಳ್ರಿ ನೋಡೂಣು.”

ಸುಲಭದ ಪ್ರಶ್ನೆ. ಈಗಷ್ಟೇ ಕೇಳಿದ್ದ ಹೆಸರು. ತಲೆಯೊಳಗೆ ಹುಡುಕಿದೆ. ಅ, ಬ, ಕ ಎಂಬ ತ್ರಿಕೋನವೊಂದನ್ನು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಸೋದರಮಾವ ಮೇಲಿನ ತೊಲೆಗಳನ್ನು ನೋಡತೊಡಗಿದ. ಬೆವರು ಒರೆಸಿಕೊಂಡು ಇದ್ದದ್ದನ್ನೇ ಹೇಳಿದೆ: “ಒಮ್ಮೆ ಅಷ್ಟ ಕೇಳೀನ್ರಿ. ಒಮ್ಮೆ ಕೇಳಿದ್ದು ನಿಲ್ಲಂಗಿಲ್ಲ. ಅದಕ್ಕ ನಾ ಹುಡುಗರನ್ನ ದಿನಾ ಕೇಳೂದು.”

ಹುಡುಗಿ ತಲೆ ತಗ್ಗಿಸಿಕೊಂಡೇ, “ನೀಲಮ್ಮ” ಎಂದಳು. “ಮುಂದಿನ ವಾರ ಮತ್ತ ಕೇಳ್ತೀನ್ರಿ.”

ಮೊದಲು ನಕ್ಕವರು ಅಡುಗೆಮನೆಯ ಬಾಗಿಲಲ್ಲಿದ್ದವರು. ಆಮೇಲೆ ಇಡೀ ಮನೆಯೇ ನಕ್ಕಿತು.

ಮದುವೆಯಾಯಿತು. ಆದರೆ ಅಮರಪ್ಪನವರು ಬಂದ ನೆಂಟರಿಗೆಲ್ಲ, “ಅಳಿಯ ಲೆಕ್ಕದಾಗ ಗಟ್ಟಿ, ನೆನಪು ಅಷ್ಟಕ್ಕಷ್ಟ” ಎಂದು ಹಂಚಿದ್ದರಿಂದ ಆ ಹೆಸರು ನನಗೆ ಕಾಯಂ ಆಯಿತು. ಹೀಗಾಗಿ ಸಂತೆಯಿಂದ ಇದನ್ನು ತಾ, ಅದನ್ನು ತಾ ಎಂದು ನನಗೆ ಯಾರೂ ಹೇಳುವುದಿಲ್ಲ. ನೀಲಮ್ಮನೇ ಚೀಲ ಹಿಡಿದು ಹೋಗುತ್ತಾಳೆ. ನನ್ನ ನೆನಪು ನೆಟ್ಟಗಿದೆ ಎಂದು ಸಾಧಿಸಿ ತೋರಿಸುವುದೇನೂ ಕಷ್ಟವಲ್ಲ. ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಹೊರಗಿನ ಬಿಸಿಲು ನೋಡಿದೊಡನೆ, ಏಕೋ ಏನೋ, ಆ ಮಾತು ಮರೆತೇಹೋಗುತ್ತದೆ.